ಮನೆಹೋರಿ

ಹುಟ್ಟುವ ಕೂಸನ್ನು ಓಣಿಗೆ ಇಳಿಸುವುದಿಲ್ಲ ಎಂದು ನಾನು ಗಂಡ ಮೈಲಾರಿಗೆ ಮಾತು ಕೊಟ್ಟಾಗ ಕೂಸು ಇನ್ನೂ ಹೊಟ್ಟೆಯಲ್ಲಿತ್ತು. ಮರುದಿನ ಆ ಓಣಿಯಲ್ಲಿ ಹೋರಿ ಓಟ. ಅವನು ಹೊಸ್ತಿಲ ಮೇಲೆ ಕೂತು ಮೀನಖಂಡಕ್ಕೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದ. "ನಮ್ಮಪ್ಪ ಅಲ್ಲೇ ಹೋದ, ನಮ್ಮಣ್ಣ ಅಲ್ಲೇ ಹೋದ. ನಾನೂ ಹೋದ್ರ ಹೋದೆ. ಇದೊಂದು ಮಾತ್ರ ಬ್ಯಾಡ, ಹಾಲವ್ವ," ಎಂದು ನನ್ನ ಹೊಟ್ಟೆಯ ಕಡೆ ಗದ್ದ ಎತ್ತಿದ. "ಆತ್ರಿ" ಎಂದೆ. "ಆತ್ರಿ ಅನಬ್ಯಾಡ, ಕೈಮ್ಯಾಲ ಕೈ ಹಾಕು" ಎಂದು ಎಣ್ಣೆಗೈಯನ್ನೇ ಚಾಚಿದ. ಹಾಕಿದೆ, ಜಾರಿತು, ಇಬ್ಬರೂ ನಕ್ಕೆವು. ಎರಡನೇ ಸಲ ಗಟ್ಟಿಯಾಗಿ ಹಿಡಿದುಕೊಂಡ.

ಮರುದಿನ ಹೊತ್ತು ಮುಳುಗುವ ಮುಂಚೆ, ಅವನನ್ನು ತಿವಿದು ಕೊಂದ ಹೋರಿ ನಮ್ಮ ಮನೆ ಮುಂದೆ ಬಂದು ನಿಂತಿತು.

ನಮ್ಮ ಊರಲ್ಲಿ ಹಾಗೆಯೇ ಬರುತ್ತವೆ. ಓಣಿಯಲ್ಲಿ ಯಾವ ಹೋರಿ ಯಾವ ಗಂಡಸನ್ನು ಕೊಲ್ಲುತ್ತದೋ ಅದು ಅವನ ಮನೆಯನ್ನು ತಾನೇ ಹುಡುಕಿಕೊಂಡು ಬರುತ್ತದೆ. ಯಾರೂ ಹೊಡೆದು ತರಬೇಕಿಲ್ಲ. ಅವನು ಕೂರುತ್ತಿದ್ದ ಜಾಗದಲ್ಲಿ ನಿಲ್ಲುತ್ತದೆ, ಅವನ ಹೆಸರಿಗೆ ಕಿವಿ ಎತ್ತುತ್ತದೆ. ನಮ್ಮ ಹೋರಿ ಮೊದಲ ದಿನವೇ ಕಟ್ಟೆಯ ಎಡಮೂಲೆಗೆ ಹೋಗಿ ಬೆನ್ನು ಗೋಡೆಗೆ ಒರಗಿಸಿ ಉಸಿರುಬಿಟ್ಟಿತು. ಏನಾದರೂ ತಿನ್ನಲಿ ಎಂದು ನಾನು ಹಿತ್ತಲಿನಿಂದ ಮೆಂತ್ಯೆಯ ಕಟ್ಟು ತಂದು ಇಟ್ಟೆ. ಮೂಸಿ ಮುಖ ತಿರುಗಿಸಿತು. ಮೈಲಾರಿ ಬದುಕಿನಲ್ಲಿ ಒಂದು ದಿನವೂ ಮೆಂತ್ಯೆಪಲ್ಯ ಬಾಯಿಗೆ ಹಾಕಿದವನಲ್ಲ. ಹೆಣ ತಂದಾಗ ಬಾರದ ಅಳು ನನಗೆ ಆಗ ಬಂತು.

ಇಂಥದಕ್ಕೆ ಮನೆಹೋರಿ ಎನ್ನುತ್ತಾರೆ. ಮನೆಹೋರಿ ಇರುವ ತನಕ ಹೆಂಗಸು ಬಳೆ ಒಡೆಯಬೇಕಿಲ್ಲ, ಕುಂಕುಮ ಒರೆಸಬೇಕಿಲ್ಲ. ಅದಕ್ಕಿಂತ ಹೆಚ್ಚಿನದೆಂದರೆ ಸುಣ್ಣದ ಗೂಡಿನ ಪಾಳಿ ಉಳಿಯುತ್ತದೆ. ಊರಿನ ಅನ್ನವೆಲ್ಲ ಆ ಗೂಡುಗಳದ್ದು, ಗೂಡಿನ ಒಳಗಿನ ಪಾಳಿ ಗಂಡಸಿನ ಹೆಸರಿಗೆ ಮಾತ್ರ. ಗಂಡಸಿಲ್ಲದ ಮನೆಯವರು ಹೊರಗೆ ಬಿಸಿಲಲ್ಲಿ ಕೂತು ಕಲ್ಲು ಒಡೆಯಬೇಕು. ಕರೆದ ದಿನ ಕೂಳು, ಕರೆಯದ ದಿನ ಇಲ್ಲ. ಮನೆಹೋರಿಯೂ ಗಂಡಸೇ ಎಂದು ಹಿರಿಯರು ಎಂದೋ ಒಪ್ಪಿದ್ದರಿಂದ ನಾನು ಮೈಲಾರಿಯ ಹೆಸರಿನಲ್ಲಿ ಗೂಡಿಗೆ ಕಟ್ಟಿಗೆ ಒಟ್ಟಿ, ಬೆಂದ ಸುಣ್ಣ ಎಳೆದು, ಅದರ ಬೂದಿ ನುಂಗಿ ಮಗಳನ್ನು ಸಾಕಿದೆ. ಹೌದು, ಹುಟ್ಟಿದ್ದು ಹೆಣ್ಣು. ಊರೆಲ್ಲ ಅಯ್ಯೋ ಎಂದಿತು. ನಾನು ಮಾತ್ರ ಸೆರಗು ಮುಚ್ಚಿಕೊಂಡು ನಕ್ಕೆ. ಓಣಿಯೊಳಗೆ ಹೆಣ್ಣಿನ ನೆರಳೂ ಬೀಳುವಂತಿರಲಿಲ್ಲ. ನಾನು ಕೈ ಎತ್ತದೆ ನನ್ನ ಮಾತು ತಾನಾಗಿ ನಡೆದುಹೋಗುವುದಿತ್ತು.

ದೇವೀರಿ ಎಂದು ಹೆಸರಿಟ್ಟೆ. ಶಾಲೆಯಲ್ಲಿ ಅವಳ ಅಂಕಪಟ್ಟಿಗೆ ತಂದೆಯ ಸಹಿ ಬೇಕೆಂದರು. ಹೋರಿಯ ಗೊರಸಿಗೆ ಮಸಿ ಬಳಿದು ಒತ್ತಿಸಿ ಕಳಿಸಿದೆ. ಮಾಸ್ತರರು ವಾಪಸ್ಸು ಕಳಿಸಿದರು. "ಯಾಕ್ರಿ ಮಾಸ್ತರ?" ಎಂದು ಹೋಗಿ ಕೇಳಿದೆ. "ಇದು ಬಲಗಾಲಿಂದು, ಹಾಲವ್ವ. ಗಂಡಸರದು ಎಡಗಡೀದ ಬೇಕು" ಎಂದರು. ಮತ್ತೆ ಎಡಗಾಲು ಎತ್ತಿಸಿದ್ದಾಯಿತು. ಎದುರು ಮನೆಯ ಫಕೀರವ್ವನ ಗಂಡನೂ ಹೋರಿಯೇ. ಅವಳ ಬಾಯಿಗೆ ಬೀಗ ಇಲ್ಲ. "ಬದುಕಿದ್ದಾಗ ನನ್ನ ಗಂಡ ವಾರಕ್ಕೊಂದ ಮಾತು ಆಡಿದ್ರ ಹೆಚ್ಚು. ಈಗ ದಿನಾ ಮುಂಜಾನೆ ನನ್ನ ಕಂಡು ಅಂಬಾ ಅಂತಾನ. ಸಂಸಾರ ಸುಧಾರಿಸೇತಿ ಬಿಡ" ಎನ್ನುತ್ತಿದ್ದಳು.

ಸುಧಾರಿಸಿದ ಸಂಸಾರಕ್ಕೆ ವರ್ಷಕ್ಕೊಂದು ದಿನ ಗಂಡಾಂತರ. ಮನೆಹೋರಿಗಳೂ ಉಳಿದ ಹೋರಿಗಳ ಜೊತೆ ಓಣಿಯಲ್ಲಿ ಓಡಲೇಬೇಕು. ಕಟ್ಟಿಹಾಕಿದರೆ ಹಗ್ಗ ಹರಿದುಕೊಂಡು ಹೋಗುತ್ತವೆ. ಅವರು ಮನುಷ್ಯರಾಗಿದ್ದಾಗಲೂ ನಾವು ಬೇಡವೆಂದರೆ ಕೇಳುತ್ತಿದ್ದರೇನು? ಎರಡು ಎತ್ತರದ ಗೋಡೆಗಳ ನಡುವಿನ ಉದ್ದ ದಾರಿ ಅದು. ಒಂದು ತುದಿಯಿಂದ ಹೋರಿ ಬಿಡುತ್ತಾರೆ. ಕೊಂಬಿಗೂ ಕೊರಳಿಗೂ ಕೊಬ್ಬರಿ ಸರ ಕಟ್ಟಿರುತ್ತದೆ. ಒಳಗೆ ನಿಂತ ಗಂಡಸರು ಹೋರಿಯ ಹೆಗಲ ಡುಬ್ಬಕ್ಕೆ ಜೋತುಬಿದ್ದು ಆ ಸರ ಹರಿಯಬೇಕು. ಮನೆಹೋರಿಯ ಸರ ಹರಿದವನಿಗೆ ವರ್ಷವೆಲ್ಲ ಮೆರವಣಿಗೆ. ಆದರೆ ಓಣಿಯೊಳಗೆ ಸರ ಹೋದ ಗಳಿಗೆಯಲ್ಲಿ ಹೋರಿಯೊಳಗಿನ ಮನುಷ್ಯ ಹೋಗುತ್ತಾನೆ. ಆಮೇಲೆ ಅದು ಬರಿಯ ಹೋರಿ. ಮನೆಯ ಮುಂದೆ ಹಾದುಹೋದರೂ ತಿರುಗಿ ನೋಡುವುದಿಲ್ಲ. ಅಂದೇ ಬಳೆ ಒಡೆಯಬೇಕು, ಅಂದೇ ಪಾಳಿ ಹೋಗುತ್ತದೆ. ಅದೇ ಹೋರಿ ಇನ್ನೊಬ್ಬನನ್ನು ಕೊಂದರೂ ಅಷ್ಟೇ, ಆ ಇನ್ನೊಬ್ಬನ ಮನೆಗೆ ಹೊರಟುಹೋಗುತ್ತದೆ. ಹಾಗಾಗಿ ಹೆಂಡಂದಿರಾದ ನಾವು ಗೋಡೆಯ ಮೇಲೆ ನಿಂತು, ಕೈ ಹಾಕಿದವನ ಪಕ್ಕೆ ಮುರಿಯಲಿ, ಜೀವ ಮಾತ್ರ ಹೋಗದಿರಲಿ ಎಂದು ಹರಕೆ ಹೊರುತ್ತಿದ್ದೆವು. ಒಬ್ಬರ ಹರಕೆ ಇನ್ನೊಬ್ಬರಿಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೀಗೆ ನಡೆದು ನಡೆದು ಊರಲ್ಲಿ ಗಂಡಸರಿಗಿಂತ ಮನೆಹೋರಿಗಳೇ ಹೆಚ್ಚಾದವು. ಮುಂಜಾನೆ ಚಹಾದಂಗಡಿಯ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ, ಒಳಗಿನ ಬೆಂಚು ಖಾಲಿ ಇರುತ್ತಿತ್ತು. ದೇವೀರಿ ಮೈನೆರೆದು ಮೂರು ನಾಲ್ಕು ವರ್ಷವಾಗಿದ್ದಾಗ ಓಣಿಯೊಳಗೆ ನಿಲ್ಲಲು ಜನ ಸಾಲದಾದರು. ಓಣಿಯ ಯಜಮಾನ ಸಂಕಪ್ಪ ಊರನ್ನೆಲ್ಲ ಗೂಡಿನ ಅಂಗಳಕ್ಕೆ ಕರೆಸಿದ. ಓಣಿಯ ಮಾತೂ ಅವನದೇ, ಗೂಡಿನ ಪಾಳಿಯೂ ಅವನ ಕೈಯಲ್ಲೇ.

"ಮನೆಹೋರಿ ಇರೋ ಮನಿಯಿಂದ ಒಬ್ಬೊಬ್ಬರು ಓಣಿಗೆ ಇಳೀಬೇಕು. ಇಳೀದಿದ್ರ ಪಾಳಿ ಇಲ್ಲ" ಎಂದ.

"ಗಂಡಸರು ಎಲ್ಲಿ ಅದಾರ, ಯಜಮಾನ್ರ? ಹೋರಿ ಆಗ್ಯಾರಲ್ಲ" ಎಂದಳು ಫಕೀರವ್ವ.

"ಹೆಂಗಸರು ಅದೀರಲ್ಲ."

ಅಂಗಳದ ತುಂಬ ನಗೆ ಎದ್ದಿತು. ನಮ್ಮ ಬೆನ್ನಹಿಂದೆ ಕೂತಿದ್ದ ಗಿಡ್ಡ ಮಲ್ಲಪ್ಪ ಎಂಬುವವನು, "ಇಳೀಲಿ ಬಿಡ್ರಿ. ಸರ ಹರೀತಾರೋ ಇಲ್ಲೋ, ಚಟ್ನಿಯಂತೂ ಆಗತೈತಿ" ಎಂದ. ನನ್ನ ಪಕ್ಕದಿಂದ ದೇವೀರಿ ಎದ್ದು ನಿಂತಳು. "ಚಟ್ನಿ ಮಾಡಾಕ ಕೊಬ್ಬರಿ ಬೇಕಲ್ಲೋ ಕಾಕಾ. ನೀ ಇಷ್ಟ ವರ್ಷ ಓಣ್ಯಾಗ ನಿಂತು ಒಂದ ಚೂರರ ಮನಿಗೆ ತಂದೀಯೇನು?" ಈ ಸಲ ನಗೆ ಮಲ್ಲಪ್ಪನ ಮೇಲೆ ಬಿತ್ತು. ಸಂಕಪ್ಪನೂ ನಕ್ಕ. ನಾನು ಅವಳ ಲಂಗ ಹಿಡಿದು ಎಳೆದು ಕೂರಿಸಿದೆ.

ಹಾಗೆಂದು ಎಲ್ಲ ಹೆಂಗಸರಿಗೂ ಓಣಿ ತೆರೆಯಲಿಲ್ಲ. ಮನೆಹೋರಿ ಇಲ್ಲದ, ಗಂಡಸು ಇರುವ ಮನೆಯ ಹೆಣ್ಣು ಓಣಿ ತುಳಿದರೆ ಆ ಗಂಡಸಿಗೆ ಕೇಡು ಎಂದರು. ಮನೆಹೋರಿ ಇರುವ ಮನೆಗಳಿಗೆ ಮಾತ್ರ ಕರೆ, ಆ ಮನೆಗಳಿಂದ ಮಾತ್ರ ಹೆಣ್ಣು.

ಮನೆಗೆ ಬರುವ ದಾರಿಯುದ್ದಕ್ಕೂ ದೇವೀರಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವಳು ಹೋರಿಯ ಕಾಲಸಂದಿಯಲ್ಲೇ ಬೆಳೆದವಳು. ಅಂಬೆಗಾಲಿಡುವಾಗ ಅದರ ಬಾಲ ಹಿಡಿದು ಎದ್ದು ನಿಂತಿದ್ದಳು. ದೊಡ್ಡವಳಾದ ಮೇಲೆ ಕೆರೆ ಬಯಲಿನಲ್ಲಿ ಅದರ ಪಕ್ಕದಲ್ಲಿ ಓಡುತ್ತ ಓಡುತ್ತ ಒಮ್ಮೆಲೇ ಹಾರಿ ಡುಬ್ಬವನ್ನು ತಬ್ಬಿ ಜೋತುಬೀಳುತ್ತಿದ್ದಳು. ಹೋರಿ ಅವಳನ್ನು ಅಷ್ಟು ದೂರ ಹೊತ್ತು ಓಡಿ, ಮೆಲ್ಲಗೆ ನಿಂತು ಇಳಿಸುತ್ತಿತ್ತು. ನಾನು ಬೈಯುತ್ತಿದ್ದೆ. ಅಪ್ಪ ಮಗಳ ಆಟ ಎಂದು ಸುಮ್ಮನೂ ಆಗುತ್ತಿದ್ದೆ. ಹೋರಿಯ ಎಡಕಿವಿ ಹಿಂದಕ್ಕೆ ಮಡಚಿದರೆ ಅದು ಬಲಕ್ಕೆ ತಿರುಗುತ್ತದೆ ಎಂದು ಅವಳು ನನಗೆ ತೋರಿಸಿಕೊಟ್ಟಿದ್ದಳು. ಓಣಿಯೊಳಗೆ ಇದ್ದ ಯಾವ ಗಂಡಸಿಗೂ ಅದು ಗೊತ್ತಿರಲಿಲ್ಲವೇನೋ.

"ನಾ ಇಳೀತೀನಿ" ಎಂದಳು, ಬಾಗಿಲು ದಾಟುವ ಮೊದಲೇ.

"ನೀ ಇಳಿಯಂಗಿಲ್ಲ. ನಾ ಇಳೀತೀನಿ."

"ನಿನ್ನ ಮೊಣಕಾಲಿಗೆ ಹೊಸ್ತಿಲ ದಾಟಾಕ ಬರಂಗಿಲ್ಲ, ಓಣಿ ದಾಟ್ತೀಯೇನಬೇ?"

"ನಿಮ್ಮಪ್ಪಗ ಮಾತು ಕೊಟ್ಟೀನಿ."

"ಅಪ್ಪ ಗಂಡು ಹುಟ್ಟತೈತಿ ಅಂತ ಕೇಳಿರಬೇಕು."

"ಕೂಸು ಅಂದಿದ್ದ. ಗಂಡು ಅಂದಿದ್ದಿಲ್ಲ" ಎಂದೆ. ಅವಳು ಮುಖ ಊದಿಸಿಕೊಂಡು ಹೋರಿಯ ಹತ್ತಿರ ಹೋಗಿ ಕೂತಳು. ಅದರ ಕಿವಿಯಲ್ಲಿ ಏನೋ ಹೇಳಿಕೊಂಡಳು.

ಮರುದಿನ ಗೂಡಿನ ಬಾಯಲ್ಲಿ ಸಂಕಪ್ಪನನ್ನು ತಡೆದು, ನಮ್ಮ ಮನೆಯಿಂದ ನಾನೇ ಇಳಿಯುತ್ತೇನೆ ಎಂದೆ. ಅವನು ನನ್ನನ್ನು ಕಾಲಿಂದ ತಲೆಯ ತನಕ ನೋಡಿದ. ಸುಣ್ಣಕ್ಕೆ ಸುಟ್ಟ ಕೈ, ಹೊಗೆಗೆ ಕೆಂಪಾದ ಕಣ್ಣು, ಬಾತ ಮೊಣಕಾಲು. "ಇಳಿಯವಾ. ಈ ವರ್ಷ ನೀ ಇಳೀತಿ. ಮುಂದಿನ ವರ್ಷ ನಿನ್ನ ಹೆಣ ಇಳೀತೈತೇನು? ಆಗ ಅಕೀನ ಬರಬೇಕಲ್ಲ" ಎಂದ. ಬೈಗುಳವಾಗಿರಲಿಲ್ಲ ಅದು. ಲೆಕ್ಕ ಹೇಳುವವನ ಹಾಗೆ ಹೇಳಿದ.

ಆ ಲೆಕ್ಕಕ್ಕೆ ಉತ್ತರ ತೋಚಿದ್ದು ಕೆರೆಯಲ್ಲಿ ಹೋರಿಯ ಮೈ ತೊಳೆಯುವಾಗ. ಹುಲ್ಲಿನ ಸಿಂಬಿ ಹಿಡಿದು ಅದರ ಬೆನ್ನು ತಿಕ್ಕುತ್ತಿದ್ದೆ. ಮೈಲಾರಿಗೆ ಬೆನ್ನು ತಿಕ್ಕಿದರೆ ಎಲ್ಲಿ ಹಾಯೆನಿಸುತ್ತಿತ್ತೋ ಅಲ್ಲಿಯೇ ಹೋರಿಯ ಚರ್ಮವೂ ನವಿರಾಗಿ ನಡುಗುತ್ತಿತ್ತು. ಪಾಳಿ ಬಿಟ್ಟುಕೊಟ್ಟರೂ, ಹೋರಿ ಮನೆಯಲ್ಲಿರುವ ತನಕ ದೇವೀರಿ ತಾನೇ ಹೋಗಿ ಇಳಿಯುವವಳೇ. ಕರೆ ಬಂದಿರುವುದು ಮನೆಹೋರಿ ಇರುವ ಮನೆಗೆ. ಮನೆಹೋರಿ ಇಲ್ಲದ ಮನೆಗೆ ಕರೆ ಇಲ್ಲ. ಅಂಥ ಮನೆಯ ಹೆಣ್ಣನ್ನು ಓಣಿಯ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದೂ ಇಲ್ಲ. ಮೈಲಾರಿಯ ಸರ ಹೋದರೆ ದೇವೀರಿ ಉಳಿಯುತ್ತಾಳೆ. ಇಷ್ಟು ವರ್ಷ ಯಾರ ಕೈಗೂ ಸಿಗದಿರಲಿ ಎಂದು ಬೇಡಿಕೊಂಡ ಸರಕ್ಕೆ ನಾನೇ ಕೈ ಹಾಕಬೇಕು. ಸಿಂಬಿ ಕೈಯಿಂದ ಜಾರಿ ನೀರಲ್ಲಿ ತೇಲಿಹೋಯಿತು. ಹೋರಿ ತಲೆ ತಿರುಗಿಸಿ, ಯಾಕೆ ನಿಲ್ಲಿಸಿದೆ ಎನ್ನುವ ಹಾಗೆ ನನ್ನನ್ನು ನೋಡಿತು.

ಫಕೀರವ್ವನಿಗೆ ಒಬ್ಬಳಿಗೇ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ಹುಚ್ಚಿ ಅದೀ ಏನ? ಬಳಿ ಒಡಕೋತಿ, ಪಾಳಿ ಕಳಕೋತಿ. ಅದಕ್ಕೂ ಮೊದಲು ಸಾಯ್ತಿ. ಹೋರಿಗೆ ಓಣ್ಯಾಗ ಹೆಂಡ್ತಿ ಯಾರು, ಹಗಿ ಯಾರು?"

"ಸತ್ರೂ ಅದು ನಮ್ಮ ಮನಿ ಬಿಡತೈತಿ. ಹೆಂಗಸನ್ನ ಕೊಂದ ಹೋರಿ ಅಕಿ ಮನಿಗೆ ಬಂದದ್ದು ಯಾರು ಕಂಡಾರ? ಹುಡುಗಿ ಉಳೀತಾಳ."

"ಹುಡುಗಿ ಉಳೀತೀನಿ ಅಂತ ನಿನಗ ಹೇಳ್ಯಾಳೇನು?" ಎಂದಳು ಫಕೀರವ್ವ. ನಾನು ಎದ್ದು ಬಂದೆ.

ಓಟದ ದಿನ ಮನೆಹೋರಿಗೆ ಸರ ಕಟ್ಟುವುದು ಹೆಂಡತಿಯ ಕೆಲಸ. ನೆನೆಸಿದ ಪುಂಡಿನಾರಿನಿಂದ ಗಂಟು ಹಾಕಿ ಹಲ್ಲಿನಿಂದ ಕಚ್ಚಿ ಬಿಗಿಯುತ್ತೇವೆ. ಒಣಗಿದ ಮೇಲೆ ಕುಡುಗೋಲು ಬೇಕು ಅದನ್ನು ಬಿಡಿಸಲು. ಆ ಗಂಟುಗಳನ್ನು ಎಳೆಯುತ್ತ ಎಷ್ಟು ಗಂಡಸರು ಕೊಂಬಿಗೆ ಸಿಕ್ಕಿದ್ದಾರೋ. ಅಂದು ನಾನು ದನ ಕಟ್ಟುವ ದಾವಣಿಗೆ ಹಾಕುವ ಗಂಟು ಹಾಕಿದೆ, ಒಂದು ತುದಿ ಎಳೆದರೆ ಬಿಚ್ಚಿಬರುವಂಥದು. ಹೋರಿ ತಲೆ ತಗ್ಗಿಸಿ ಕಟ್ಟಿಸಿಕೊಂಡಿತು. ದೇವೀರಿ ಅರಿಶಿನ ಹಚ್ಚಿದಳು. ಅವಳಿಗೆ ಗಂಟು ಕಾಣದಂತೆ ನಾನು ಅಡ್ಡ ನಿಂತಿದ್ದೆ.

ಹೆಂಗಸರು ಓಣಿಯೊಳಗೆ ಕಾಲಿಟ್ಟ ಮೊದಲ ದಿನ ಅದು. ಸೀರೆಯನ್ನು ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ಸುಮಾರು ಮೂವತ್ತು ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಡೆದೆವು. ಗೋಡೆಯ ಮೇಲಿನಿಂದ ಸಿಳ್ಳೆ. "ಲೇ, ಒಲಿ ಆರಿಸಿ ಬಂದೀರೇನ?" "ಫಕೀರವ್ವಾ, ಗಂಡನ ಕಡೆ ಓಡ್ತೀಯೋ ಗಂಡನ ಬಿಟ್ಟು ಓಡ್ತೀಯೋ?" "ನಿನ್ನ ಕಂಡ್ರ ಮಾತ್ರ ಓಡ್ತೀನಪ್ಪ" ಎಂದಳು ಫಕೀರವ್ವ, ಆದರೆ ಅವಳ ತುಟಿ ಬೆಳ್ಳಗಾಗಿತ್ತು. ಒಳಗಿದ್ದ ಗಂಡಸರು ನಮ್ಮನ್ನು ಓಣಿಯ ಬಾಯಿಗೇ ತಳ್ಳಿದರು. ಹೋರಿಗಳು ತಾಜಾ ಇರುವುದು, ರಭಸವಾಗಿ ಬರುವುದು ಅಲ್ಲಿಯೇ. "ನಿಮ್ಮವರ ಅಲ್ಲೇನು, ನೀವ ಮೊದಲು ಎದುರುಗೊಳ್ರಿ" ಎಂದರು.

ಎದುರುಗೊಂಡೆವು. ಮೊದಲ ಹೋರಿ ಯಾವುದೆಂದು ನನಗೆ ಕಾಣಲೇ ಇಲ್ಲ. ನೆಲ ನಡುಗಿತು, ಸುಣ್ಣದ ಧೂಳು ಎದ್ದಿತು, ಯಾರೋ ಕಿರುಚಿದರು, ನಾನು ಗೋಡೆಗೆ ಅಂಟಿಕೊಂಡಿದ್ದೆ. ಧೂಳು ಇಳಿದಾಗ ಫಕೀರವ್ವ ಬಿದ್ದಿದ್ದಳು. ಭುಜದ ಮೂಳೆ ಚರ್ಮದ ಒಳಗೇ ಎದ್ದು ನಿಂತಿತ್ತು. ಅವಳನ್ನು ಎಳೆದು ಹೊರಗೆ ಹಾಕಿದರು. ಎರಡನೆಯದು ಗಾಳೆವ್ವ ಎಂಬ ಚಿಕ್ಕ ಪ್ರಾಯದವಳನ್ನು ಹೊಟ್ಟೆಗೆ ತಿವಿದು ಗೋಡೆಗೆ ಒತ್ತಿತು. ಅವಳು ಅಲ್ಲೇ ಜಾರಿ ಕೂತಳು, ಮತ್ತೆ ಏಳಲಿಲ್ಲ. ಗೋಡೆಯ ಮೇಲೆ ಸಿಳ್ಳೆ ನಿಂತಿತು. ಆಟ ನಿಲ್ಲಲಿಲ್ಲ.

ಆಮೇಲೆ ಮೈಲಾರಿ ಬಂದ.

ಅವನ ನಡಿಗೆ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಬಲಗಾಲನ್ನು ತುಸು ಹೊರಗೆ ಬೀಸಿ ಓಡುತ್ತಾನೆ. ನಾನು ಗೋಡೆ ಬಿಟ್ಟು ನಡುದಾರಿಗೆ ಬಂದೆ. ಮೇಲಿನಿಂದ ದೇವೀರಿ "ಯವ್ವಾ, ಎಡಕ! ಎಡಕ್ಕ ಸರಿ!" ಎಂದು ಕೂಗುತ್ತಿದ್ದಳು. ಸರಿಯಲಿಲ್ಲ. ಮೊಣಕಾಲು ಸರಿಯುವ ಸ್ಥಿತಿಯಲ್ಲೂ ಇರಲಿಲ್ಲ. ತಲೆ ತಗ್ಗಿಸಿಕೊಂಡು ಗಾಳಿಯ ಹಾಗೆ ಬರುತ್ತಿತ್ತು ಹೋರಿ. ಕೊಂಬಿನ ತುದಿ ಕಂಡಿತು, ಬಾಯಿಯ ನೊರೆ ಕಂಡಿತು. ಅವನ ಹೆಸರು ನಾನು ಎಂದೂ ಅವನೆದುರು ಹಿಡಿದವಳಲ್ಲ, ಹೋರಿಯಾದ ಮೇಲೂ ಹಿಡಿದಿರಲಿಲ್ಲ. ದಿನಾ ಸಂಜೆ ಕಟ್ಟುವಾಗ ಹೇಳುವ ಮಾತೇ ಬಾಯಿಗೆ ಬಂತು. "ಬರ್ರಿ, ಸಾಕಿನ್ನ."

ಹೋರಿ ನಿಧಾನಿಸಿತು. ಓಟ ನಡಿಗೆಯಾಯಿತು. ನನ್ನ ಎದೆಯ ಮುಂದೆ ಬಂದು ನಿಂತು, ದಿನಾ ಸಂಜೆಯ ಹಾಗೆ ತಲೆ ಬಗ್ಗಿಸಿತು.

ತಿವಿಸಿಕೊಳ್ಳಲು ತಯಾರಾಗಿ ಬಂದಿದ್ದೆ. ತಲೆ ಬಗ್ಗಿಸಿದವನಿಗೆ ಹೇಗೆ ಕೈ ಹಾಕಬೇಕೆಂದು ಯೋಚಿಸಿರಲಿಲ್ಲ. ಅದರ ಬಿಸಿ ಉಸಿರು ನನ್ನ ಹೊಟ್ಟೆಗೆ ತಾಗುತ್ತಿತ್ತು. ನಾನು ಯಾಕೆ ಬಂದಿದ್ದೇನೆಂದು ಅವನಿಗೆ ಗೊತ್ತಿತ್ತೋ, ಕಟ್ಟಲು ಬಂದಿದ್ದಾಳೆ ಎಂದುಕೊಂಡಿದ್ದನೋ, ಇಂದಿಗೂ ನನಗೆ ತಿಳಿಯದು. ನಾರಿನ ತುದಿ ಎಳೆದೆ. ಸರ ಕಳಚಿ ನನ್ನ ಕೈಗೆ ಬಂತು.

ಕಣ್ಣು ನನ್ನ ಮೇಲೆಯೇ ಇತ್ತು, ನೋಟ ಇರಲಿಲ್ಲ. ಹೋರಿ ಕಿವಿ ಕೊಡವಿತು. ನೆಲ ಮೂಸಿತು. ಸಂತೆಯಲ್ಲಿ ಅಪರಿಚಿತರನ್ನು ಬಳಸಿಕೊಂಡು ಹೋಗುವ ಹಾಗೆ ನನ್ನನ್ನು ಬಳಸಿಕೊಂಡು ಹೋಯಿತು.

ಗೋಡೆಯ ಮೇಲೆ ಮುದುಕ ಈರಬಸಪ್ಪ ಕೂತಿದ್ದ, ಇಬ್ಬರು ಮಕ್ಕಳನ್ನು ಮನೆಹೋರಿಗಳ ಸರ ಹರಿಯಲು ಕಳಿಸಿ ಕಳೆದುಕೊಂಡವನು. ಅವನ ದನಿ ಅಷ್ಟು ದೊಡ್ಡದಲ್ಲ, ಆದರೆ ಓಣಿಯ ಆ ತುದಿಗೂ ಕೇಳಿಸಿತು. "ಇಷ್ಟೇ ಏನು ಇದು?" ಎಂದ. "ಇಷ್ಟೇ ಇತ್ತೇನು?" ಹೆಂಡತಿಯ ಮುಂದೆ ಹೋರಿ ತಲೆ ತಗ್ಗಿಸುತ್ತದೆ ಎಂದು ಊರಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು, ಹೆಂಡತಿಯನ್ನು ಓಣಿಯೊಳಗೆ ಬಿಟ್ಟಿದ್ದರೆ ತಾನೆ? ಗೋಡೆಯ ಮೇಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಿಗಿದು ಬಿಗಿದು ಕಟ್ಟಿದ ಗಂಟುಗಳು ಅವರಿಗೆ ನೆನಪಾಗುತ್ತಿದ್ದವೋ ಏನೋ. ಮುದುಕ ಮಾತ್ರ ಅದನ್ನೇ ಕೇಳುತ್ತಲೇ ಇದ್ದ. ಕೊನೆಗೆ ಅವನ ಸೊಸೆ ಬಾಯಿ ಮುಚ್ಚಿ ಇಳಿಸಿಕೊಂಡು ಹೋದಳು.

ಆ ಸಂಜೆ ಗಾಳೆವ್ವನನ್ನು ಕೊಂದ ಹೋರಿ ಅವಳ ಮನೆ ಹುಡುಕಿಕೊಂಡು ಬಂತು. ಗಂಡಸರ ಹಾಗೆ ಕಟ್ಟೆಯ ಮೇಲೆ ನಿಲ್ಲದೆ ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ಕೊಂಬು ಸಿಕ್ಕಿಸಿಕೊಂಡು ನಿಂತಿತು. ಅವಳ ಅತ್ತೆ ಪಾಳಿ ಕೇಳಲು ಹೋದಾಗ ಸಂಕಪ್ಪ, "ಹೋರಿ ಐತಿ, ಖರೆ. ಆದ್ರ ಅದು ಹೆಂಗಸಲ್ಲೇನು?" ಎಂದನಂತೆ. ಪಾಳಿ ಕೊಡಲಿಲ್ಲ. ಮುಂದಿನ ವರ್ಷಕ್ಕೆ ಆಳು ಕಳಿಸುವುದು ಮಾತ್ರ ತಪ್ಪಲಿಲ್ಲ. ತಮ್ಮ ಮನೆಯ ಹೋರಿಯ ಎದುರು ಆ ಮನೆಯವರು ಯಾರೂ ನಿಲ್ಲಕೂಡದು ಎಂದು ಅವತ್ತೇ ಹೊಸ ಕಟ್ಟಳೆಯನ್ನೂ ಮಾಡಿದರು.

ನನ್ನ ಬಳೆ ಒಡೆದರು. ಪಾಳಿ ಹೋಯಿತು. ನಾನು ಗೂಡಿನ ಹೊರಗೆ ಬಿಸಿಲಲ್ಲಿ ಕೂತು ಕಲ್ಲು ಒಡೆಯತೊಡಗಿದೆ. ಹೋರಿಯನ್ನು ಸಂಕಪ್ಪ ಸುಣ್ಣದ ಬಂಡಿಗೆ ಹೂಡಿದ. ದಿನಾ ನನ್ನ ಮುಂದೆಯೇ ಹಾದುಹೋಗುತ್ತಿತ್ತು. ಒಮ್ಮೆ ಬಂಡಿ ನಿಂತಾಗ, ಯಾರಿಗೂ ಕಾಣದ ಹಾಗೆ ಸೆರಗಿನಿಂದ ಮೆಂತ್ಯೆಯ ಕಟ್ಟು ತೆಗೆದು ಅದರ ಮೂತಿಗೆ ಹಿಡಿದೆ. ತಿಂದಿತು. ಇನ್ನಷ್ಟಕ್ಕೆ ನಾಲಿಗೆ ಚಾಚಿತು.

ದೇವೀರಿ ಓಟದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೊದಲು ಸಂಕಪ್ಪನ ಹತ್ತಿರ ಹೋಗಿ ಬೇಡಿಕೊಂಡಳಂತೆ, ಪಾಳಿ ಬೇಡ, ಏನೂ ಬೇಡ, ಸುಮ್ಮನೆ ಇಳಿಸಿಕೊಳ್ಳಿ ಎಂದು. "ನಿಮ್ಮ ಮನ್ಯಾಗ ಹೋರಿ ಇಲ್ಲವ. ನಿಮ್ಮವ್ವನ್ನ ಕೇಳು" ಎಂದನಂತೆ. ಬಂದವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಅಷ್ಟು ಜೋರಾಗಿ ಬಡಿದಳೆಂದರೆ ರೊಟ್ಟಿ ಹರಿದು ಕೈಗೆ ಅಂಟಿತು. "ಅಪ್ಪ ನಿನ್ನ ನಂಬಿ ತಲಿ ತಗ್ಗಿಸಿದ" ಎಂದಳು. ನನ್ನ ಕಡೆ ತಿರುಗದೆ ಆಡಿದ ಮಾತು ಅದೊಂದೇ. ಬಿಡಲಿ, ಬೈಯಲಿ, ಜೀವಂತ ಇದ್ದಾಳಲ್ಲ ಎಂದು ನಾನು ಕಲ್ಲಿನ ಕೆಲಸಕ್ಕೆ ಹೋದೆ. ತಾಯಂದಿರಿಗೆ ಮಕ್ಕಳ ಮುನಿಸು ಹೊಸದೇ? ವರ್ಷ ತುಂಬಿದರೆ ತಣ್ಣಗಾಗುತ್ತಾಳೆ ಎಂದುಕೊಂಡಿದ್ದೆ.

ವರ್ಷ ತುಂಬಲು ಇನ್ನೂ ತಡವಿದ್ದಾಗ ಫಕೀರವ್ವ ಬಂದಳು. ಭುಜದ ಮೂಳೆ ಓರೆಯಾಗಿ ಕೂಡಿಕೊಂಡು ತೋಳು ಮೇಲೆತ್ತಲು ಬರುತ್ತಿರಲಿಲ್ಲ. ಅವಳಿಗೊಬ್ಬನೇ ಮಗ, ಗುಡ್ಡಪ್ಪ. ಚಿಕ್ಕವನಿದ್ದಾಗ ಗೂಡಿನ ಕೆಂಡಕ್ಕೆ ಬಿದ್ದು ಒಂದು ಪಾದ ಕಳೆದುಕೊಂಡವನು, ಕೋಲೂರಿ ನಡೆಯುತ್ತಾನೆ. ಒಳ್ಳೆಯ ಹುಡುಗ. ಫಕೀರವ್ವ ಕೂರದೆ ನಿಂತೇ ಇದ್ದಳು.

"ಹುಡುಗೀನ ಕೇಳಾಕ ಬಂದೀನಿ, ಹಾಲವ್ವ."

"ಸೊಸಿ ಕೇಳಾಕ ಬಂದೀಯೋ, ಓಣಿಗೆ ಆಳು ಕೇಳಾಕ ಬಂದೀಯೋ?"

ಅವಳು ಸುಳ್ಳು ಹೇಳಬಹುದಿತ್ತು. "ಎರಡೂ" ಎಂದಳು. "ನನ್ನ ತೋಳು ನೋಡು. ಅವನ ಕಾಲು ನೋಡು. ಓಣಿಗೆ ಯಾರನ್ನ ಕಳಿಸ್ಲಿ? ಕಳಿಸದಿದ್ರ ಪಾಳಿ ಹೋತು, ನಾವೂ ನಿನ್ನ ಮಗ್ಗಲಾಗ ಕುಂತು ಕಲ್ಲ ಒಡೀತೀವಿ. ನಾ ಹೇಳಿದ್ದು ಬ್ಯಾಡ ಅನ್ಸಿದ್ರ ಚಪ್ಪಲಿ ತೊಗೊಂಡು ಹೊಡಿ."

"ನಡಿ ಹೊರಗ" ಎಂದೆ. ಇಪ್ಪತ್ತು ವರ್ಷದ ನಂಟು, ಅಷ್ಟೇ ಮಾತಿನಲ್ಲಿ ಮುಗಿಯಿತೆಂದುಕೊಂಡೆ. ಒಳಗಿನಿಂದ ದೇವೀರಿ ಬಂದಳು. ಕೈಗೆ ಅಂಟಿದ ಹಿಟ್ಟನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, "ಅತ್ತಿ, ನಿಂದ್ರು. ನಾ ಒಪ್ಪೀನಿ" ಎಂದಳು.

"ಗುಡ್ಡಪ್ಪನ್ನ ಒಪ್ಪೀಯೋ ಓಣೀನ್ನ ಒಪ್ಪೀಯೋ?" ಎಂದು ನಾನು ಚೀರಿದೆ.

"ಅವನೂ ಇದನ್ನ ಕೇಳಿದ. ಓಣೀನ್ನ ಅಂದೆ. ಆಗಲಿ ಅಂದ."

ಅಂದರೆ ಅವರಿಬ್ಬರ ನಡುವೆ ಮಾತು ಆಗಲೇ ಆಗಿತ್ತು. ನಾನು ಬಾಗಿಲಿಗೆ ಅಡ್ಡ ಕೂತೆ. ಅಳತೊಡಗಿದೆ. ಅವಳ ಕಾಲು ಹಿಡಿಯಲು ಹೋದೆ, ಮಗಳ ಕಾಲು. ಅವಳು ಹಿಂದೆ ಸರಿದಳು. "ನಿಮ್ಮಪ್ಪಗ ಮಾತು ಕೊಟ್ಟೀನಿ, ದೇವೀ. ಅದಕ್ಕಂತ ಅವನ್ನ ಕಳಕೊಂಡೀನಿ. ನೀನೂ ನೋಡೀದಿ."

ಅವಳು ಕುಕ್ಕರಗಾಲಿನಲ್ಲಿ ನನ್ನೆದುರು ಕೂತಳು. ಸಿಟ್ಟು ಇರಲಿಲ್ಲ ಮುಖದಲ್ಲಿ. ಅಷ್ಟು ತಿಂಗಳ ನಂತರ ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು.

"ಅಪ್ಪ ನಿನ್ನ ಕೇಳಿದ್ದ ಯವ್ವಾ. ನನ್ನ ಕೇಳಿದ್ದಿಲ್ಲ."

ನನ್ನನ್ನು ದಾಟಿಕೊಂಡು ಹೋಗಲಿಲ್ಲ ಅವಳು. ಎದ್ದು ಬಾಗಿಲು ಬಿಡುವ ತನಕ ಕಾದಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ನಾನು ಎದ್ದೆ.

ಮದುವೆ ಎದುರು ಮನೆಯ ಅಂಗಳದಲ್ಲಿ ಆಯಿತು. ವಿಧವೆಯಾದ್ದರಿಂದ ನಾನು ನಮ್ಮ ಹೊಸ್ತಿಲಲ್ಲೇ ನಿಂತು ನೋಡಿದೆ. ಫಕೀರವ್ವನ ಗಂಡ, ಅಂದರೆ ದೇವೀರಿಯ ಮಾವ, ಕೊರಳಿಗೆ ಹೂವು ಹಾಕಿಸಿಕೊಂಡು ಮಂಟಪದ ಪಕ್ಕ ನಿಂತು ಅಕ್ಕಿಕಾಳು ನೆಕ್ಕುತ್ತಿದ್ದ. ಗುಡ್ಡಪ್ಪ ಕೋಲು ಬದಿಗಿಟ್ಟು ತಾಳಿ ಕಟ್ಟಿದ. ಆಮೇಲಿನ ದಿನಗಳಲ್ಲಿ ದೇವೀರಿ ಮುಂಜಾನೆ ಮುಂಜಾನೆ ಕೆರೆ ಬಯಲಿನಲ್ಲಿ ಓಡುವುದನ್ನು ಕಲ್ಲಿನ ಕೆಲಸಕ್ಕೆ ಹೋಗುವಾಗ ನೋಡುತ್ತಿದ್ದೆ. ಗುಡ್ಡಪ್ಪ ದಡದ ಮೇಲೆ ಕೂತು ಅವಳ ನೀರಿನ ತಂಬಿಗೆ ಕಾಯುತ್ತಿದ್ದ. ಒಂದೆರಡು ಸಲ ಅವಳು ಕೈ ಎತ್ತಿದಳು. ನಾನೂ ಎತ್ತಿದೆ.

ಓಟದ ದಿನ ಹೆಂಗಸರ ಸಾಲು ಹೋದ ವರ್ಷಕ್ಕಿಂತ ಉದ್ದವಿತ್ತು. ಸಿಳ್ಳೆ ಕಡಿಮೆ ಇತ್ತು. ನನ್ನನ್ನು ಗೋಡೆಯ ಕೊನೆಯಲ್ಲಿ, ವಿಧವೆಯರ ಜೊತೆ ನಿಲ್ಲಿಸಿದ್ದರು. ದೇವೀರಿ ಸಾಲಿನ ಮುಂದೆ ಇದ್ದಳು. ಯಾರೂ ಅವಳನ್ನು ಮುಂದೆ ತಳ್ಳಿರಲಿಲ್ಲ. ಕೂದಲು ಬಿಗಿದು ಕಟ್ಟಿದ್ದಳು, ಕಚ್ಚೆ ಗಂಡಸರಿಗಿಂತ ಚೆಂದ ಕೂತಿತ್ತು. ಓಣಿಯ ಬಾಗಿಲಲ್ಲಿ ಸಂಕಪ್ಪ ಒಬ್ಬೊಬ್ಬರ ಮನೆ ಕೇಳುತ್ತಿದ್ದ. ಅವಳು ಗಂಡನ ಮನೆ ಹೇಳಿದಳು. ಅವನು ದಾರಿ ಬಿಟ್ಟ. ಒಳಗೆ ನಿಂತಿದ್ದ ಗಿಡ್ಡ ಮಲ್ಲಪ್ಪ ಅವಳಿಗೆ ಜಾಗ ಮಾಡಿಕೊಡಲು ಪಕ್ಕಕ್ಕೆ ಸರಿದ. ಅವಳು ಬಗ್ಗಿ ಅಂಗೈಗೆ ಸುಣ್ಣದ ಧೂಳು ಹಚ್ಚಿಕೊಂಡು, ಹೋರಿ ಬರುವ ಕಡೆ ಮುಖ ಮಾಡಿ ನಿಂತಳು. ಆ ತುದಿಯಲ್ಲಿ ಅಗಳಿ ತೆಗೆದ ಸದ್ದಾಯಿತು.

ಕೂಸನ್ನು ಓಣಿಗೆ ಇಳಿಸುವುದಿಲ್ಲ ಎಂದು ಮೈಲಾರಿಗೆ ಮಾತು ಕೊಟ್ಟಿದ್ದೆ. ಕೂಸು ಓಣಿಗೆ ಇಳಿಯಿತು. ಮಾತು ಮುರಿಯಿತು.